ಹಗ್ಗ ಓದಲು ಬಂದವನು

ದಿನಾಂಕವೂ ಗೊತ್ತು, ವಾರವೂ ಗೊತ್ತು. 1903ನೆಯ ಇಸವಿ, ನವೆಂಬರ್ ಹತ್ತೊಂಬತ್ತು, ಗುರುವಾರ. ಗಾಳಿ ಈಶಾನ್ಯದಿಂದ ಬೀಸುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಮ್ಮ ಡೋರ್ಕಸ್ ಇದ್ದ ಬೀದಿಯಲ್ಲಿ, ಅವಳ ಮನೆಯಿಂದ ಮೂರನೆಯ ಬಾಗಿಲಲ್ಲಿ ಆದದ್ದು.

ಆ ರಾತ್ರಿ ಹನ್ನೊಂದು ದಾಟಿತ್ತು. ಅಮೋಸ್ ಗೂಚ್ ಕಾರ್ವಿಕ್ ಬಂದರಿನ ಕಟ್ಟೆಯಿಂದ ಮನೆಗೆ ಬರುತ್ತಿದ್ದ. ಒಬ್ಬನೇ. ಆರು ವಾರಗಳಿಂದ ಅವನು ದಿನಾ ಹೀಗೆ ಕಟ್ಟೆಯ ತುದಿಗೆ ಹೋಗಿ ನಿಂತು, ಕತ್ತಲಲ್ಲಿ ಏನೂ ಕಾಣದೆ, ತಿರುಗಿ ಬರುತ್ತಿದ್ದ. ಅವತ್ತು ಹೋಗುವ ಅಗತ್ಯವೇ ಇರಲಿಲ್ಲ. ಸಂಜೆಯೇ ಇಗರ್ಜಿಯ ಗಂಟೆ ಐದು ಸಲ ಹೊಡೆದಾಗಿತ್ತು. ಐದು ಜನರಿಗೆ ಐದು. 'ಮಾರ್ಥಾ ಗ್ರೇಸ್' ದೋಣಿ ಇನ್ನು ಬರುವುದಿಲ್ಲ ಎಂದು ಊರು ಒಪ್ಪಿಕೊಂಡಾಗಿತ್ತು.

ಆದರೂ ಹೋಗಿದ್ದ. ಆ ಐವರಲ್ಲಿ ಒಬ್ಬ ಅವನ ಮಗ ಜೆಸ್ಸೆ.

ನಾಲ್ಕು ಓಣಿ ಸೇರುವಲ್ಲಿ ಒಂದು ಬಾವಿ ಇದೆ. ಕಲ್ಲಿನ ಕಟ್ಟೆ, ಕಬ್ಬಿಣದ ಸರಪಳಿ. ಅಲ್ಲಿಗೆ ಬರುವ ಹೊತ್ತಿಗೆ ಹಿಂದೆ ಹೆಜ್ಜೆ ಕೇಳಿಸಿತು.

ಕಡಲಿಗೆ ಹೋಗುವವರ ಬೂಟಿನೊಳಗೆ ನೀರು ತುಂಬಿಕೊಂಡಿದ್ದರೆ ಒಂದೊಂದು ಹೆಜ್ಜೆಗೂ ಎರಡು ಸದ್ದು. ಕಾಲು ಊರಿದಾಗ 'ಚಪ್'. ಎತ್ತುವಾಗ, ಒಳಗಿನ ನೀರು ಹಿಮ್ಮಡಿಗೆ ಇಳಿದು, 'ಗುಳಕ್'. ಅಮೋಸ್ ಅರವತ್ತೊಂದು ವರ್ಷ ಬಂದರಿನಲ್ಲೇ ಬದುಕಿದವನು. ಆ ಸದ್ದು ಅವನಿಗೆ ಗೊತ್ತು.

ಚಪ್... ಗುಳಕ್. ಚಪ್... ಗುಳಕ್.

ಅವನು ನಿಂತ. ಅದೂ ನಿಂತಿತು. ಅವನು ನಡೆದ. ಅದೂ ನಡೆಯಿತು. ಒಬ್ಬನ ಹೆಜ್ಜೆಯಲ್ಲ... ಹಲವರದು. ಬಾವಿಯ ಹತ್ತಿರ ಅವೆಲ್ಲ ನಿಂತುಹೋದವು. ಸರಪಳಿ ಒಂದೇ ಸಲ, ಯಾರೋ ಬೆನ್ನು ಒರಗಿಸಿದಂತೆ, 'ಕಿಣ್' ಎಂದಿತು.

ಅಮೋಸ್ ಹಿಂದೆ ನೋಡಲಿಲ್ಲ. ಮನೆಗೆ ಬಂದು, ಚಿಲಕ ಹಾಕಿ, ದೀಪ ಹಚ್ಚಿದ.

ಈಗ ಅವನ ಕೆಲಸದ ಬಗ್ಗೆ ಹೇಳಬೇಕು.

ಅಮೋಸ್ ಚಿತ್ರ ಬರೆಯುವವನು. ಮರ, ಮನೆ, ಮುಖ ಯಾವುದನ್ನೂ ಬರೆಯುತ್ತಿರಲಿಲ್ಲ. ಕಡಲು ಮತ್ತು ಕಡಲ ಮೇಲಿನ ದೋಣಿ, ಅಷ್ಟೇ. ಮೀನು ಇಳಿಸಿ ಬಂದವರು ಕಟ್ಟೆಯ ಮೇಲೆ ಅವನ ಹತ್ತಿರ ನಿಂತು, "ನಮ್ಮ ದೋಣಿ ಬರೆದುಕೊಡು ಮಾರಾಯ, ಹೆಂಡತಿ ಒಲೆ ಮೇಲಿನ ಗೋಡೆಗೆ ಬೇಕಂತೆ" ಎಂದು ಹೇಳಿಹೋಗುತ್ತಿದ್ದರು. ಮುಂದಿನ ಸಲ ಬಂದಾಗ ಚಿತ್ರ ಸಿದ್ಧವಿರುತ್ತಿತ್ತು. ಆದರೆ ಅಷ್ಟಕ್ಕೇ ಅದು ಮುಗಿದ ಚಿತ್ರವಲ್ಲ. ನಮ್ಮಲ್ಲಿ ಒಂದು ಪದ್ಧತಿ ಇದೆ. ಆ ದೋಣಿಯಲ್ಲಿ ದುಡಿಯುವ ಒಬ್ಬನಾದರೂ ಚಿತ್ರದ ಮುಂದೆ ನಿಂತು, ಮೂತಿಯಿಂದ ಹಿಂಬದಿಯವರೆಗೆ, ಬೆರಳಿಟ್ಟು ಒಂದೊಂದೇ ಹಗ್ಗವನ್ನು ಹಿಂಬಾಲಿಸಬೇಕು. ಎಲ್ಲಿಂದ ಹೊರಟಿತು, ಯಾವ ರಾಟೆಯ ಮೇಲೆ ಹಾಯಿತು, ಎಲ್ಲಿ ಕಟ್ಟಿದೆ. ಇದಕ್ಕೆ 'ಹಗ್ಗ ಓದುವುದು' ಅನ್ನುತ್ತಾರೆ. ಒಂದು ಹಗ್ಗ ತಪ್ಪಿದ್ದರೂ ಮಾತಿಲ್ಲ. ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹೋಗಿಬಿಡುತ್ತಾರೆ.

ಹಿಂದೆ ಪಟ್ಟಣದಿಂದ ಬಂದ ಒಬ್ಬ ಚಿತ್ರಗಾರನಿಗೆ 'ಮಾರ್ಥಾ ಗ್ರೇಸ್' ದೋಣಿಯನ್ನು ನಡೆಸುವ ತಂಡೇಲ ಟೋಬಿ ಹೀಗೆ ಕೇಳಿದ್ದ: "ಸ್ವಾಮೀ, ಮೋಡ ಚೆನ್ನಾಗಿದೆ. ಈ ಹಗ್ಗ ಎಲ್ಲಿಗೂ ಹೋಗೋದಿಲ್ಲವಲ್ಲ, ಇದು ನಿಮ್ಮ ಅಜ್ಜಿ ಬಟ್ಟೆ ಒಣಹಾಕೋದಕ್ಕಾ?" ಕಟ್ಟೆಯೆಲ್ಲ ನಕ್ಕಿತ್ತು. ಆ ಮನುಷ್ಯ ಮರುದಿನವೇ ಊರು ಬಿಟ್ಟ.

ಅಮೋಸನ ಚಿತ್ರ ನಲವತ್ತು ವರ್ಷದಲ್ಲಿ ಒಂದು ಸಲವೂ ಗೋಡೆಗೆ ಮುಖ ಮಾಡಿದ್ದಿಲ್ಲ.

ಮುಳುಗಿದ ದೋಣಿಗಳ ಚಿತ್ರ ಇಗರ್ಜಿಯ ಉತ್ತರದ ಗೋಡೆಯಲ್ಲಿರುತ್ತದೆ. ಆ ಸಂಜೆ ಗಂಟೆ ಐದು ಸಲ ಹೊಡೆದ ಮೇಲೆ ತಂಡೇಲ ಟೋಬಿಯ ಹೆಂಡತಿ, ಎಂದರೆ ನಮ್ಮ ದೊಡ್ಡಮ್ಮ ಡೋರ್ಕಸ್, ಇಗರ್ಜಿಯ ಬಾಗಿಲಲ್ಲೇ ಅಮೋಸನನ್ನು ನಿಲ್ಲಿಸಿದ್ದಳು.

"ನೀನೇ ಬರೀಬೇಕು ಅಮೋಸ್."

"ನನ್ನ ಕೈಲಿ ಆಗೋದಿಲ್ಲ ಡೋರ್ಕಸ್."

"ಮತ್ಯಾರ ಕೈಲಿ ಆಗ್ತದೆ? ಹೇಗೆ ಹೋದರೋ ಹಾಗೇ ಬರಿ. ಅಲೆಯಿಲ್ಲದ ನೀರಿನಲ್ಲಿ ಬೇಡ. ಅದು ಸುಳ್ಳಾಗ್ತದೆ."

"ಹೇಗೆ ಹೋದರು ಅಂತ ಯಾರು ನೋಡಿದ್ದಾರೆ?" ಅಮೋಸ್ ಕೇಳಿದ. "ಹಗ್ಗ ಯಾರು ಓದ್ತಾರೆ? ಆ ದೋಣಿಯಲ್ಲಿ ದುಡಿದವರು ಒಬ್ಬರೂ ಉಳಿದಿಲ್ಲವಲ್ಲ..."



ಹೆಜ್ಜೆ ಕೇಳಿದ ಆ ರಾತ್ರಿಯೇ ಅವನು ಚಿತ್ರದ ಹಲಗೆ ಎತ್ತಿಕೊಂಡ. ಮಲಗಿದರೂ ನಿದ್ದೆ ಬರುವಂತಿರಲಿಲ್ಲ. ಮೂರು ದಿನದಲ್ಲಿ ಚಿತ್ರ ಸಿದ್ಧವಾಯಿತು. 'ಮಾರ್ಥಾ ಗ್ರೇಸ್' ಸಿಕ್ಕಿಕೊಂಡ ಅಕ್ಟೋಬರ್ ಎಂಟರ ಬಿರುಗಾಳಿ. ಬೂದು ಬಣ್ಣದ, ಗುಡ್ಡದಂಥ ಅಲೆ. ಎಡಕ್ಕೆ ವಾಲಿದ ದೋಣಿ. ಅದರ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಐದು ಆಕೃತಿ. ಬಿರುಗಾಳಿಯಲ್ಲಿ ಯಾರಾದರೂ ಏನು ಮಾಡುತ್ತಾರೋ ಅದನ್ನೇ ಲೆಕ್ಕ ಹಾಕಿ ಹಾಯಿಗಳನ್ನು ಹಾಕಿದ್ದ. ಐದನೆಯವನಾದ ಜೆಸ್ಸೆಯನ್ನು ಚುಕ್ಕಾಣಿಯ ಹತ್ತಿರ ನಿಲ್ಲಿಸಿದ್ದ. ಅಲ್ಲಿ ಹಿಡಿದುಕೊಳ್ಳಲು ಏನಾದರೂ ಇರುತ್ತದೆ ಎಂದು.

ಭಾನುವಾರ ರಾತ್ರಿ. ಕುಂಚ ತೊಳೆಯುತ್ತಿದ್ದ. ಹೊರಗೆ ಬಾವಿಯ ಸರಪಳಿ ಕಿಣ್ ಎಂದಿತು. ಆಮೇಲೆ ಓಣಿಯಲ್ಲಿ... ಚಪ್... ಗುಳಕ್. ಈ ಸಲ ಒಬ್ಬನದೇ.

ಬಾಗಿಲು ತೆರೆದ ಸದ್ದಾಗಲಿಲ್ಲ. ಚಿಲಕ ಹಾಕಿದಂತೆಯೇ ಇತ್ತು. ಆದರೆ ಬೆನ್ನ ಹಿಂದೆ, ಹಲಗೆಯ ನೆಲದ ಮೇಲೆ, ನೀರು ತೊಟ್ಟಿಕ್ಕತೊಡಗಿತು. ಟಪ್... ಟಪ್... ಟಪ್...

"ತಿರುಗಬೇಡ ಅಪ್ಪ."

ಅಮೋಸ್ ತಿರುಗಲಿಲ್ಲ.

"ಹಿಂದಿನ ಸಣ್ಣ ಹಾಯಿ ಇಳಿಸಿದ್ದೆವು," ಎಂದ ಜೆಸ್ಸೆ. ಪಿಸುಮಾತು. ಗಂಟಲಲ್ಲಿ ನೀರು ಇದ್ದವರ ಮಾತಿನಂತೆ. "ನೀನು ಏರಿಸಿದ್ದೀಯ."

"ಯಾವಾಗ ಇಳಿಸಿದಿರಿ?"

"ಮಧ್ಯಾಹ್ನವೇ."

"ಸರಿಮಾಡ್ತೇನೆ ಮಗಾ."

"ಮಾಡು. ನಾನು ಓದಬೇಕು. ಓದಿ ಮುಗಿಸೋವರೆಗೆ ನಮಗೆ ಹೋಗೋದಕ್ಕೆ ಆಗೋದಿಲ್ಲ."

ಆಮೇಲೆ ಏನೂ ಇಲ್ಲ. ನೆಲದ ಮೇಲೆ ಒದ್ದೆ ಇತ್ತು. ಅಮೋಸ್ ಒಂದು ಬಟ್ಟೆ ತಂದು, ಒರೆಸದೆ, ಅದನ್ನು ಹಿಡಿದುಕೊಂಡು ಬೆಳಗಿನವರೆಗೆ ಕೂತಿದ್ದ.

ಸೋಮವಾರ ಸಣ್ಣ ಹಾಯಿ ಇಳಿಸಿದ. ರಾತ್ರಿ ಜೆಸ್ಸೆ ಬಂದ. ದೊಡ್ಡ ಹಾಯಿಗೆ ಎರಡು ಮಡಿಕೆ ಹಾಕಿ ಕುಗ್ಗಿಸಿದ್ದೀಯ, ನಾವು ಮೂರು ಹಾಕಿದ್ದೆವು ಎಂದ. ಮಂಗಳವಾರ ಅದನ್ನೂ ಸರಿಮಾಡಿದ. ಲಾಟೀನು ಒಡೆದುಹೋಗಿತ್ತು, ಅದನ್ನು ಅಳಿಸು ಎಂದ ಜೆಸ್ಸೆ. ಬುಧವಾರ ಅಳಿಸಿದ. ಹೀಗೆ ರಾತ್ರಿಗೊಂದು ಮಾತು. ಒಂದೇ ಒಂದು. ಬೆನ್ನಿಗೆ ತಣ್ಣನೆಯ ಗಾಳಿ ಬಡಿಯುತ್ತಿತ್ತು, ಉಪ್ಪು ಮತ್ತು ಮೀನಿನ ವಾಸನೆ ಬರುತ್ತಿತ್ತು. ಆದರೂ ಅಮೋಸ್ ಸಂಜೆಯಿಂದಲೇ ದೀಪದ ಬತ್ತಿ ಕತ್ತರಿಸಿ, ಇನ್ನೊಂದು ಕುರ್ಚಿಯನ್ನು ಒಲೆಯ ಹತ್ತಿರ ಎಳೆದಿಟ್ಟು ಕಾಯುತ್ತಿದ್ದ. ತಾಯಿಯಿಲ್ಲದ ಮಗನನ್ನು ಸಾಕಿದವನು. ಚಹಾ ಕೂಡ ಮಾಡಿಡುತ್ತಿದ್ದ. ಅದು ಹಾಗೇ ಆರಿಹೋಗುತ್ತಿತ್ತು.

ಶನಿವಾರ ರಾತ್ರಿ ಜೆಸ್ಸೆ ಮೂತಿಯಿಂದ ಹಿಂಬದಿಯವರೆಗೆ ಓದಿದ. ತೊಟ್ಟಿಕ್ಕುವ ಸದ್ದು ಮಾತ್ರ. ಟಪ್... ಟಪ್... ಆಮೇಲೆ ಹೇಳಿದ, "ಹಗ್ಗ ಎಲ್ಲ ಸರಿ ಇವೆ ಅಪ್ಪ. ಇನ್ನೊಂದೇ ಉಳಿದಿದೆ."

ಇನ್ನೊಂದು ಸರಿಮಾಡಿದರೆ ಚಿತ್ರ ಮುಗಿಯುತ್ತದೆ. ಚಿತ್ರ ಮುಗಿದರೆ ಇವನು ಬರುವುದಿಲ್ಲ.

"ಇವತ್ತು ಬೇಡ," ಎಂದ ಗಾಬರಿಯಿಂದ. "ಕಣ್ಣು ದಣಿದಿದೆ ಕಂದಾ. ನಾಳೆ ಹೇಳು."

ಮರುದಿನ ಹಗಲು ಅಮೋಸ್ ಗೂಚ್ ನಲವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಅತಿ ಸಣ್ಣ ಕುಂಚ ತೆಗೆದುಕೊಂಡು, ದೊಡ್ಡ ಹಾಯಿ ಏರಿಸುವ ಹಗ್ಗವನ್ನು ಕಂಬದ ಬಲದಿಂದ ಅಳಿಸಿ, ಎಡಕ್ಕೆ ಬರೆದ. ಬೇಕೆಂದೇ.

ರಾತ್ರಿ ಜೆಸ್ಸೆ ಬಂದ. "ಅಪ್ಪ... ಆ ಹಗ್ಗ ಬಲಕ್ಕಲ್ಲವಾ? ನಿನ್ನೆ ಬಲಕ್ಕಿತ್ತಲ್ಲ?"

"ಹೌದಾ? ವಯಸ್ಸಾಯಿತು ಮಗಾ. ನಾಳೆ ಸರಿಮಾಡ್ತೇನೆ."

ಅದನ್ನು ಸರಿಮಾಡಿದ, ಇನ್ನೊಂದನ್ನು ಕೆಡಿಸಿದ. ಮರುದಿನವೂ ಹಾಗೇ. ಹಾಯಿದೋಣಿಯಲ್ಲಿ ದುಡಿದವರು ತಪ್ಪು ಹಗ್ಗ ಕಂಡರೆ ಸುಮ್ಮನಿರಲಾರರು. ಇದ್ದವರಾದರೂ ಅಷ್ಟೇ, ಇಲ್ಲದವರಾದರೂ ಅಷ್ಟೇ. ಹನ್ನೊಂದು ರಾತ್ರಿ ಹೀಗೆ ಹೋಯಿತು. ಜೆಸ್ಸೆಯ ದನಿ ರಾತ್ರಿ ರಾತ್ರಿಗೂ ಸಣ್ಣದಾಗುತ್ತಿತ್ತು. ತೊಟ್ಟಿಕ್ಕುವ ನೀರು ಹೆಚ್ಚಾಗುತ್ತಿತ್ತು. ಅಮೋಸನಿಗೆ ಇವೆರಡೂ ಗೊತ್ತಾಗುತ್ತಿದ್ದವು. ಗೊತ್ತಿದ್ದೂ ಬೆಳಗ್ಗೆ ಎದ್ದು ಸಣ್ಣ ಕುಂಚವನ್ನೇ ಹುಡುಕುತ್ತಿದ್ದ.

ಡಿಸೆಂಬರ್ ಹತ್ತರ ಮಧ್ಯಾಹ್ನ ಡೋರ್ಕಸ್ ಬಂದಳು. ಬಾಗಿಲು ಬಡಿಯಲಿಲ್ಲ. ನೇರ ಒಳಗೆ ಬಂದು ಕೈಕಟ್ಟಿ ನಿಂತಳು.

"ನಿನ್ನ ಮನೆಗೆ ಯಾರು ಬರ್ತಾರೆ ಅಮೋಸ್?"

"ಯಾರೂ ಇಲ್ಲ."

"ನನಗೆ ಕಿವಿ ಇಲ್ಲ ಅಂದುಕೊಂಡೆಯಾ? ದಿನಾ ರಾತ್ರಿ ಬಾವಿ ಹತ್ತಿರ ಬಂದು ನಿಲ್ತಾರೆ. ಟೋಬಿ ಕೆಮ್ತಾನೆ. ಇಪ್ಪತ್ತಾರು ವರ್ಷ ನನ್ನ ಪಕ್ಕದಲ್ಲಿ ಕೆಮ್ಮಿದವನು, ಆ ಕೆಮ್ಮು ನನಗೆ ಗೊತ್ತಾಗೋದಿಲ್ಲವಾ? ಬಾಗಿಲು ತೆರೆದು ಕರೀತೇನೆ. ಒಳಗೆ ಬಾ, ಒಲೆ ಇದೆ, ಅಂತ. ಬರೋದಿಲ್ಲ. ಅಲ್ಲೇ ನಿಂತಿರ್ತಾನೆ. ಕಾಯ್ತಾ ಇರ್ತಾನೆ. ಯಾರಿಗೆ ಕಾಯ್ತಾನೆ?"

ಅಮೋಸ್ ಚಿತ್ರದ ಮುಂದೆ ಅಡ್ಡ ನಿಂತ. ಅವಳು ಅವನನ್ನು ಪಕ್ಕಕ್ಕೆ ಸರಿಸಿದಳು. ತಂಡೇಲನ ಮಗಳು, ತಂಡೇಲನ ಹೆಂಡತಿ. ಹಗ್ಗ ಓದಲು ಅವಳಿಗೂ ಬರುತ್ತಿತ್ತು. ಮೂತಿಯಿಂದ ಶುರುಮಾಡಿ ಬೆರಳು ಹಿಂದಕ್ಕೆ ಸರಿಸಿದಳು. ದೊಡ್ಡ ಕಂಬದ ಹತ್ತಿರ ಬೆರಳು ನಿಂತಿತು.

"ಈ ಹಗ್ಗ ಗಾಳಿಗೆ ಕಟ್ಟಿದ್ದೀಯಲ್ಲ."

ಅವನು ಸಣ್ಣ ಕುಂಚವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಇದು ಕಣ್ತಪ್ಪಲ್ಲ ಅಮೋಸ್. ಕಣ್ಣು ಕಟ್ಟಿ ಕೂರಿಸಿದ್ರೂ ನೀನು ಈ ತಪ್ಪು ಮಾಡೋದಿಲ್ಲ." ಅವಳ ದನಿ ತಗ್ಗಿತು. "ಬೇಕಂತಲೇ ಮಾಡಿದ್ದೀಯ. ಅವನು ಬರಲಿ ಅಂತ."

"ಅವನೊಬ್ಬನೇ ನನಗಿದ್ದದ್ದು ಡೋರ್ಕಸ್."

"ನನಗೆ ಇದ್ದವನೂ ಒಬ್ಬನೇ. ನಿನ್ನ ಮಗ ಕೋಣೆ ಒಳಗೆ ಬಂದು ನಿಲ್ತಾನೆ. ನನ್ನ ಗಂಡ ಹೊರಗೆ ಮಂಜಿನಲ್ಲಿ ನಿಂತಿದ್ದಾನೆ. ಸತ್ತ ಮೇಲೂ ಅವನಿಗೆ ಚಳಿ ತಪ್ಪಲಿಲ್ಲ, ನಿನ್ನಿಂದ." ಅವಳು ಬಾಗಿಲ ಹತ್ತಿರ ಹೋಗಿ ತಿರುಗಿದಳು. ಅಳುತ್ತಿರಲಿಲ್ಲ. "ಮುಗಿಸು. ಬಿಟ್ಟುಬಿಡು ಅವರನ್ನ. ಇಲ್ಲದಿದ್ರೆ ಈ ಹಲಗೆ ನಾನೇ ಒಲೆಗೆ ಹಾಕ್ತೇನೆ. ಆಗ ಅವರು ಎಂದೆಂದಿಗೂ ಆ ಬಾವಿ ಹತ್ತಿರವೇ."

ಆ ಸಂಜೆ ಅಮೋಸ್ ಒಂದೊಂದೇ ಹಗ್ಗ ಸರಿಮಾಡಿದ. ನಿಧಾನವಾಗಿ, ಎರಡೆರಡು ಸಲ ನೋಡಿ. ಕತ್ತಲಾದ ಮೇಲೆ ಬೆನ್ನು ಹಾಕಿ ಕೂತ.

ಕಿಣ್.

ಚಪ್... ಗುಳಕ್.

ಟಪ್... ಟಪ್...

ಜೆಸ್ಸೆ ಓದಿದ. ಈ ಸಲ ಅವನ ಕೈ ಅಮೋಸನ ಹೆಗಲ ಪಕ್ಕದಿಂದ ಹಾದು ಚಿತ್ರದ ಹತ್ತಿರ ಬಂದಿರಬೇಕು. ಕೆನ್ನೆಗೆ ಐಸಿನಂಥ ಗಾಳಿ ತಾಗಿತು. ಅಮೋಸ್ ಕಣ್ಣು ಮುಚ್ಚಿಕೊಂಡ.

"ಹಗ್ಗ ಎಲ್ಲ ಸರಿ."

"ಅವತ್ತು ಒಂದು ಉಳಿದಿದೆ ಅಂದಿದ್ದೆ," ಎಂದ ಅಮೋಸ್. "ಹೇಳಿಬಿಡು."

"ಜನ ಅಪ್ಪ."

"ಏನು?"

"ಐದು ಜನ ಬರೆದಿದ್ದೀಯ. ನಾಲ್ಕು. ದೋಣಿ ಹೋದಾಗ ನಾಲ್ಕೇ ಜನ ಇದ್ದದ್ದು."

ದೀಪದ ಬತ್ತಿ ಚಿರ್ರೆಂದಿತು.

"ನೀನು... ಮೊದಲೇ ಹೋದೆಯಾ?"

"ಮುಂದಿನ ಹಾಯಿ ಸಿಕ್ಕಿಕೊಂಡಿತ್ತು. ಬಿಡಿಸೋದಕ್ಕೆ ಹೋದೆ."

"ಕೂಗಿದೆಯಾ?"

"ಕೂಗಿದೆ."

"ಅವರು ದೋಣಿ ತಿರುಗಿಸಲಿಲ್ಲವಾ?"

"ತಿರುಗಿಸಿದರು ಅಪ್ಪ. ಅದಕ್ಕೇ ಮುಳುಗಿದ್ದು."

ಅಮೋಸ್ ಸಣ್ಣ ಚಾಕು ತೆಗೆದುಕೊಂಡ. ಚುಕ್ಕಾಣಿಯ ಹತ್ತಿರ ನಿಂತಿದ್ದ ಜೋಳದ ಕಾಳಿನಷ್ಟು ದೊಡ್ಡ ಮನುಷ್ಯನನ್ನು ಕೆರೆಯತೊಡಗಿದ. ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಸುಲಭವಾಗಿ ಬಂತು. ಕರ್... ಕರ್... ಎರಡೇ ಸಲ. ಕೆರೆದ ಜಾಗಕ್ಕೆ ಬೂದು ಬಣ್ಣದ ನೀರು ತುಂಬಿದ.

"ಸರಿಯಾಯಿತಾ?"

"ಸರಿಯಾಯಿತು."

"ಇನ್ನೊಂದು ಸಲ ಬರ್ತೀಯಾ ಮಗಾ? ಯಾವಾಗಲಾದರೂ... ಹೀಗೇ ಸುಮ್ಮನೆ?"

ತೊಟ್ಟಿಕ್ಕುವ ಸದ್ದು ನಿಂತಿತ್ತು. ಅಮೋಸ್ ಆಗ ತಿರುಗಿ ನೋಡಿದ. ಖಾಲಿ ಕುರ್ಚಿ. ಚಿಲಕ ಹಾಕಿದ ಬಾಗಿಲು.

ಅದೇ ಹೊತ್ತಿಗೆ ಡೋರ್ಕಸ್ ತನ್ನ ಕಿಟಕಿಯ ಹಿಂದೆ ಕತ್ತಲಲ್ಲಿ ಕೂತಿದ್ದಳು. ಬಾವಿಯಿಂದ ಹೆಜ್ಜೆಗಳು ಹೊರಟು ಬಂದರಿನ ಕಡೆಗೆ ಇಳಿದದ್ದು ಅವಳಿಗೆ ಕೇಳಿಸಿತು. ಕೆಮ್ಮು ಕೇಳಿಸಿತು, ಒಂದೇ ಸಲ. ಅವಳು ಎಣಿಸಿದಳು. ಒಬ್ಬೊಬ್ಬರ ನಡಿಗೆಯೂ ಬೇರೆ, ಆದ್ದರಿಂದ ಎಣಿಸುವುದು ಕಷ್ಟವಿರಲಿಲ್ಲ. ನಾಲ್ಕು ಜನ. ಐದನೆಯವನ ಹೆಜ್ಜೆಗೆ ಅವಳು ಬೆಳಗಿನವರೆಗೆ ಕಾದಳು. ಇದನ್ನು ಅವಳು ಅಮೋಸನಿಗೆ ಹೇಳಲಿಲ್ಲ. ಹೇಳಬೇಕಿತ್ತೇನೋ ಎಂದು ಸಾಯುವವರೆಗೆ ಅನ್ನುತ್ತಿದ್ದಳು.

ಕ್ರಿಸ್‌ಮಸ್ಸಿಗೆ ಮೊದಲು ಚಿತ್ರ ಇಗರ್ಜಿಯ ಗೋಡೆ ಸೇರಿತು. ಬಾವಿಯ ಹತ್ತಿರ ಮತ್ತೆ ಯಾರಿಗೂ ಏನೂ ಕೇಳಿಸಲಿಲ್ಲ.

ಅಮೋಸ್ ಮಾತ್ರ ಕಾದ. ಒಂದು ವಾರ, ಒಂದು ತಿಂಗಳು. ಆಮೇಲೆ ಅವನ ಚಿತ್ರಗಳಲ್ಲಿ ತಪ್ಪುಗಳು ಬರತೊಡಗಿದವು. ಪ್ರತಿ ದೋಣಿಯಲ್ಲೂ ಒಂದು ಹಗ್ಗ ತಪ್ಪು. ಮೊದಮೊದಲು ಕಟ್ಟೆಯ ಮೇಲೆ ನಗುತ್ತಿದ್ದರು. "ಏನು ಗೂಚ್, ನೀನೂ ಬಟ್ಟೆ ಒಣಹಾಕೋದಕ್ಕೆ ಶುರು ಮಾಡಿದೆಯಾ?" ಎನ್ನುತ್ತಿದ್ದರು. ಆಮೇಲೆ ನಗುವುದನ್ನು ಬಿಟ್ಟರು. ಸುಮ್ಮನೆ ಚಿತ್ರವನ್ನು ಗೋಡೆಗೆ ತಿರುಗಿಸಿ ಹೋಗುತ್ತಿದ್ದರು. ಆಮೇಲೆ ಚಿತ್ರ ಕೇಳುವುದನ್ನೇ ಬಿಟ್ಟರು. ಅವನು ಯಾರೂ ಕೇಳದಿದ್ದರೂ ಬರೆಯುತ್ತಿದ್ದ. ಹಗಲು ಒಂದು ತಪ್ಪು ಹಗ್ಗ ಬರೆಯುವುದು, ರಾತ್ರಿ ಅದಕ್ಕೆ ಎದುರಾಗಿ, ಬಾಗಿಲಿಗೆ ಬೆನ್ನು ಹಾಕಿ ಕೂರುವುದು. ಆ ವರ್ಷವೇ ಕಣ್ಣಿಗೆ ಪೊರೆ ಬಂತು. ಬೆಳಕು ಮತ್ತು ಕತ್ತಲು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಕೈ ಅಭ್ಯಾಸದಿಂದಲೇ ನಡೆಯುತ್ತಿತ್ತು. "ಇವತ್ತೂ ಯಾರೂ ಮಾತಾಡಲಿಲ್ಲ ಡೋರ್ಕಸ್," ಎಂದು ಬೆಳಗ್ಗೆ ಗಂಜಿ ತಂದ ದೊಡ್ಡಮ್ಮನಿಗೆ ಹೇಳುತ್ತಿದ್ದ. ಏಳು ವರ್ಷ ಅದೊಂದೇ ಮಾತು.

1911ರ ಮಾರ್ಚ್ ಮೂರು, ಶುಕ್ರವಾರ, ಅವನು ಕುರ್ಚಿಯಲ್ಲಿ ಕೂತಂತೆಯೇ ಹೋಗಿದ್ದ. ನಾನು ಆಗ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದೊಡ್ಡಮ್ಮ ಹೇಳಿಕಳಿಸಿದಳು, ಹೋದೆ. ಕೋಣೆ ಖಾಲಿ ಮಾಡಿದ್ದು ನಾವಿಬ್ಬರೇ.

ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಹಲಗೆಗಳು ಹತ್ತೊಂಬತ್ತು ಇದ್ದವು. ಒಂದನ್ನು ದೊಡ್ಡಮ್ಮ ಬೆಳಕಿಗೆ ತಿರುಗಿಸಿದಳು. ಅಭ್ಯಾಸದಂತೆ ಮೂತಿಯಿಂದ ಬೆರಳಿಟ್ಟು ಹಿಂದಕ್ಕೆ ಬಂದಳು. ದೊಡ್ಡ ಕಂಬದ ಹತ್ತಿರ ನಿಂತಳು. ಇನ್ನೊಂದನ್ನು ತಿರುಗಿಸಿದಳು. ಮತ್ತೊಂದನ್ನು.

ಹತ್ತೊಂಬತ್ತರಲ್ಲೂ ತಪ್ಪು ಹಗ್ಗದ ಮೇಲೆ ಅಡ್ಡ ಗೀಟು ಎಳೆದಿತ್ತು. ಪಕ್ಕದಲ್ಲಿ, ಇರಬೇಕಾದ ಜಾಗದಲ್ಲಿ, ಸರಿಯಾದ ಹಗ್ಗ. ಕುಂಚದಿಂದ ಎಳೆದದ್ದಲ್ಲ, ಬೆರಳ ತುದಿಯಿಂದ ಎಳೆದದ್ದು. ಪೊರೆ ಬಂದ ಅಮೋಸನ ಕಣ್ಣಿಗೆ ಅದು ಒಂದು ಸಲವೂ ಕಂಡಿರಲಾರದು. ಅಮೋಸ್ ಸಾಯುವ ದಿನ ಬರೆದ ಹಸಿ ಚಿತ್ರದಲ್ಲೂ ಇತ್ತು. ಅದನ್ನು ಮುಟ್ಟಿದೆ. ಕಪ್ಪಗೆ ಅಂಟಿಕೊಂಡಿತು. ಮೂಸಿ ನೋಡಿದೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಮೋಸ್, ದೊಡ್ಡಮ್ಮ ಹೇಳಿದ್ದನ್ನು, ನಾನು ಕಂಡದ್ದನ್ನು ಹೇಳಿದ್ದೇನೆ, ಒಂದಕ್ಷರ ಹೆಚ್ಚು ಸೇರಿಸಿಲ್ಲ. ಅದು ಬಣ್ಣವಲ್ಲ, ಡಾಂಬರು. ದೋಣಿಯ ಹಗ್ಗಕ್ಕೆ ಸವರುವ ಡಾಂಬರು. ಆ ಮನೆಯನ್ನು ಅಟ್ಟದಿಂದ ನೆಲದವರೆಗೆ ನಾನೇ ಗುಡಿಸಿದ್ದೇನೆ. ಅಲ್ಲಿ ಡಾಂಬರು ಎಲ್ಲೂ ಇರಲಿಲ್ಲ.